ಮಳೆ ಶುರುವಾದ ಮೇಲೆ ಮೈಕಿನಲ್ಲಿ ಚಟ ಚಟ ಸದ್ದು, ಪಾಡ್‌ಕಾಸ್ಟ್ ನಿಲ್ಲಿಸುವುದಾ?

ಕಡಲಕರೆ, ಉಡುಪಿ:
ನಮಸ್ಕಾರ. ಮಲ್ಪೆಯ ಹಳೇ ಮೀನುಗಾರರ ಮಾತು ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಹಾಕುತ್ತೇನೆ. ಹವ್ಯಾಸ ಅಷ್ಟೇ, ದುಡ್ಡು ಹುಟ್ಟುವ ಕೆಲಸ ಅಲ್ಲ. ಅವರಿಗೆ ಪುರುಸೊತ್ತು ಸಿಗುವುದೇ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವಾಗ. ಆಮೇಲೆ ಕೈಗೇ ಸಿಗುವುದಿಲ್ಲ. ನನ್ನ ಮೈಕಿಗೆ ಮಾತ್ರ ಇದೇ ಕಾಲ ಆಗಿಬರುವುದಿಲ್ಲ.

ಯುಎಸ್‌ಬಿ ಕಂಡೆನ್ಸರ್ ಮೈಕ್. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಮಾತಿನ ಹಿಂದೆ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚಟ ಚಟ. ಸ್ವಲ್ಪ ಹೊತ್ತು ನಿಂತು ಮತ್ತೆ ಬರುತ್ತದೆ. ಕೇಬಲ್ ಬದಲಿಸಿದರೂ ಅಷ್ಟೇ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರೆ ಝುಂಯ್ ಅಂತ ಇನ್ನೊಂದು ಸದ್ದು. ಹಂಚಿನ ಮನೆ, ಮಾಡಿನ ಮೇಲೆ ಮಳೆ ಬೀಳುವುದಂತೂ ಇದ್ದೇ ಇದೆ.

ಹಾಕಿದ ಕಂತುಗಳನ್ನು ಕೇಳುವುದು ಹೆಚ್ಚಾಗಿ ನಮ್ಮ ಮನೆಯವರೇ ಇರಬೇಕು. ಹೊಸ ಮೈಕ್ ತೆಗೆಯುವುದೋ, ಸುಮ್ನೆ ನಿಲ್ಲಿಸುವುದೋ?

ಪೇಟೆಬೀದಿ, ಮಂಗಳೂರು:
ಸದ್ದು ತಿದ್ದುವ ಸಾಫ್ಟ್‌ವೇರ್ ಅಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಹಾಕಿ, ಹೋಗುತ್ತದೆ. ಮೈಕನ್ನು ರಾತ್ರಿ ಅಕ್ಕಿ ಡಬ್ಬಿಯಲ್ಲಿಡಿ.

ಬೆಸುಗೆ, ಮಂಗಳೂರು:
ಅಕ್ಕಿ ಡಬ್ಬಿ ಬೇಡ ಮಾರಾಯ್ರೇ! ಅಕ್ಕಿ ಹುಡಿ ಜಾಲರಿಯೊಳಗೆ ಹೋಗಿ ಕೂತರೆ ತೆಗೆಯುವುದು ಯಾರು? ನಾಯ್ಸ್ ರಿಡಕ್ಷನ್ ಕೂಡ ಇದಕ್ಕೆ ಅಲ್ಲ. ಫ್ಯಾನಿನ ಹಾಗೆ ಒಂದೇ ಸಮನೆ ಇರುವ ಸದ್ದಿಗೆ ಅದು ಸರಿ. ಬಂದು ಹೋಗುವ ಚಟ ಚಟಕ್ಕೆ ಹಾಕಿದರೆ ಮಾತು ಕೆಡುತ್ತದೆ, ಸದ್ದು ಉಳಿಯುತ್ತದೆ.

ಕಡಲಕರೆಯವರೇ, ಇದು ತೇವದ ಕಾಟ ಅಂತ ನನ್ನ ಅಂದಾಜು. ಕಂಡೆನ್ಸರ್ ಮೈಕಿನೊಳಗೆ ತೆಳ್ಳಗಿನ ಒಂದು ಪೊರೆ, ಅದರ ಹಿಂದೆ ಒಂದು ತಟ್ಟೆ. ಎರಡರ ನಡುವೆ ವಿದ್ಯುತ್ ಚಾರ್ಜ್ ನಿಂತಿರಬೇಕು. ಒಳಗೆ ತೇವ ಕೂತರೆ ಆ ಚಾರ್ಜ್ ಆಗಾಗ ಸೋರುತ್ತದೆ. ನಿಮಗೆ ಕೇಳುವ ಚಟ ಚಟ ಅದೇ. ಧೂಳು ಇದ್ದರೆ ಇನ್ನೂ ಜಾಸ್ತಿ.

ಹೀಗೆ ನೋಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮೈಕನ್ನು ರಾತ್ರಿಯಿಡೀ ಇಡಿ. ಬೆಳಿಗ್ಗೆ ತೆಗೆದ ಕೂಡಲೇ ರೆಕಾರ್ಡ್ ಮಾಡಿ. ಸದ್ದು ಇಲ್ಲದಿದ್ದರೆ ಕಾರಣ ಸಿಕ್ಕಿತು. ನೀಲಿ ಜೆಲ್ ತಂದರೆ ಒಳ್ಳೆಯದು, ತೇವ ಹೀರಿದ ಮೇಲೆ ಗುಲಾಬಿ ಆಗುತ್ತದೆ, ನೋಡಿದರೇ ಗೊತ್ತಾಗುತ್ತದೆ. ಮೈಕಿಗೆ ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಗೆ ಪೊರೆ ಹಾಳಾದೀತು.

ಝುಂಯ್ ಸದ್ದು ಬೇರೆ ಕಥೆ. ನಿಮ್ಮದು ಕರೆಂಟಿನ ಅಲೆ ನಯವಾಗಿ ಬರದ ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಆ ಗಲಾಟೆ ಹೆಚ್ಚಾಗಿ ಲ್ಯಾಪ್‌ಟಾಪ್ ಚಾರ್ಜರ್ ದಾರಿಯಲ್ಲೇ ಬರುತ್ತದೆ. ರೆಕಾರ್ಡ್ ಮಾಡುವಾಗ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ.

ಕಡಲಕರೆ:
ಬೆಸುಗೆ ಅಣ್ಣ, ಚಾರ್ಜರ್ ಕಿತ್ತ ಕೂಡಲೇ ಝುಂಯ್ ಬಂದ್. ಡಬ್ಬಿಯಿಂದ ತೆಗೆದ ಮೈಕ್ ಕೂಡ ಬೆಳಿಗ್ಗೆ ಚೆನ್ನಾಗಿತ್ತು. ಆದರೆ ಸಂಜೆ ಮಳೆ ಹೊಡೆಯುತ್ತಿರುವಾಗ ಬೋಟು ನಡೆಸುವ ತಾಂಡೇಲರೊಬ್ಬರನ್ನು ಕೂರಿಸಿಕೊಂಡೆ. ಅವರಿಗೆ ಮಾತಿನ ಹುರುಪು ಬರುವ ಹೊತ್ತಿಗೆ ಸರಿಯಾಗಿ ಮತ್ತೆ ಚಟ ಚಟ. ನಿಲ್ಲಿಸಿ ಅನ್ನಲು ಮನಸ್ಸು ಬರಲಿಲ್ಲ. ಪುಣ್ಯಕ್ಕೆ ಅವರ ಮುಂದೆ ಫೋನಿನಲ್ಲೂ ರೆಕಾರ್ಡ್ ಹಾಕಿದ್ದೆ. ಈಗ ಎರಡು ಫೈಲ್ ಜೋಡಿಸಿದರೆ ಶುರುವಿನಲ್ಲಿ ಸರಿ ಇದೆ, ಕೊನೆಗೆ ಬರುವಾಗ ಒಂದು ಹಿಂದೆ ಬೀಳುತ್ತದೆ.

ಬೆಸುಗೆ:
ಎರಡು ಉಪಕರಣದ ಒಳಗಿನ ಗಡಿಯಾರ ಕೂದಲೆಳೆಯಷ್ಟು ಬೇರೆ ಇರುತ್ತದೆ, ಉದ್ದದ ರೆಕಾರ್ಡಿಂಗಿನಲ್ಲಿ ಅದು ಎದ್ದು ಕಾಣುತ್ತದೆ. ಎರಡರಲ್ಲೂ ಕೇಳುವ ಒಂದೇ ಶಬ್ದವನ್ನು ಶುರುವಿನಲ್ಲೊಂದು, ಕೊನೆಯಲ್ಲೊಂದು ಹುಡುಕಿ. ಅಡಾಸಿಟಿಯ ಚೇಂಜ್ ಟೆಂಪೋದಲ್ಲಿ ಒಂದನ್ನು ಇನ್ನೊಂದಕ್ಕೆ ಹೊಂದಿಸಿ. ಮುಂದಿನ ಸಲ ಶುರುವಿಗೂ ಕೊನೆಗೂ ಒಂದೊಂದು ಚಪ್ಪಾಳೆ ಹೊಡೆಯಿರಿ, ಹುಡುಕುವ ಕೆಲಸ ಇಲ್ಲ.

ಮಳೆಗಾಲಕ್ಕೆ ಮಾತ್ರ ಡೈನಾಮಿಕ್ ಮೈಕೇ ಬೇಕು. ಸ್ಟೇಜಿನಲ್ಲಿ ಹಿಡಿಯುತ್ತಾರಲ್ವಾ, ಅದೇ. ಅದರಲ್ಲಿ ಚಾರ್ಜ್ ನಿಲ್ಲಿಸುವ ತಾಪತ್ರಯವೇ ಇಲ್ಲ. ಬಾಯಿಯಿಂದ ನಾಲ್ಕು ಬೆರಳು ದೂರ ಇಟ್ಟರೆ ಮಾತು ಮುಂದೆ ಬರುತ್ತದೆ, ಮಾಡಿನ ಮಳೆ ಹಿಂದೆ ಹೋಗುತ್ತದೆ. ಪೂರ್ತಿ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ, ಮಲ್ಪೆಯ ಮಾತಿಗೆ ಮಳೆ ಇದ್ದರೆ ಏನೀಗ?

ಈಗಲೇ ದುಡ್ಡು ಹಾಕಬೇಡಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ಇಲ್ಲ, ತುಳುವರ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಮೈಕ್ ಸೆಟ್‌ನವರ ಸಾಮಾನು ಮೂಲೆಯಲ್ಲಿ ಕೂತಿರುತ್ತದೆ. ಪರಿಚಯದವರಲ್ಲಿ ಒಂದು ಕೇಳಿ. ಲ್ಯಾಪ್‌ಟಾಪಿಗೆ ಜೋಡಿಸಲು ಆಡಿಯೊ ಇಂಟರ್‌ಫೇಸ್ ಬೇಕು, ನನ್ನ ಹಳೆಯದು ಇದೆ, ಕೊಡುತ್ತೇನೆ.

ಅಳಿವೆಬಾಗಿಲು, ಮಲ್ಪೆ:
ಕೇಳುವವರಿಲ್ಲ ಅಂದಿರಲ್ಲ. ನಮ್ಮ ಬೋಟುಗಳು ದೂರ ಹೋದರೆ ನೆಟ್‌ವರ್ಕ್ ಇಲ್ಲ. ಆ್ಯಪ್‌ನಲ್ಲಿ ಯಾರು ಕೇಳುತ್ತಾರೆ? ಮೊನೊ, ಅಂದರೆ ಒಂದೇ ಚಾನೆಲ್, 64 ಕೆಬಿಪಿಎಸ್ ಎಂಪಿ3 ಮಾಡಿ. ಅರ್ಧ ಗಂಟೆ ಸುಮಾರು 14 ಎಂಬಿ ಆಗುತ್ತದೆ. ಬಂದರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಹೊರಡುವ ಮುಂಚೆ ಇಳಿಸಿಕೊಳ್ಳುತ್ತಾರೆ. ಅದು ನಿಮ್ಮ ಲೆಕ್ಕದಲ್ಲಿ ಬರುವುದಿಲ್ಲ, ಅಷ್ಟೇ. ಸೌಂಡ್ ಮಾತ್ರ ಜೋರಿರಲಿ, ಎಂಜಿನ್ ಪಕ್ಕದಲ್ಲಿ ಕೇಳಬೇಕು.

ಬೆಸುಗೆ:
ಜೋರಿಗೆ ಅಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಷನ್ ಸಾಕು. ಸ್ಟೀರಿಯೊಗೆ ಮೈನಸ್ 16 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ), ಮೊನೊಗೆ ಮೈನಸ್ 19. ಬೋಟಿನವರಿಗೆ ಇನ್ನೂ ಸ್ವಲ್ಪ ಏರಿಸಿದರೂ ಅಡ್ಡಿಯಿಲ್ಲ, ಮಾತು ಒಡೆಯದಿದ್ದರಾಯಿತು.

ಕಡಲಕರೆ:
ಗುಂಪಿಗೆ ಒಂದು ಕಂತು ಹಾಕಿದೆ. ಬಂದ ಮೊದಲ ಉತ್ತರ, "ಅಜ್ಜ ಹೇಳಿದ ಬೋಟಿನ ಹೆಸರು ತಪ್ಪು". ಎರಡನೆಯದು, "ಇಲ್ಲ, ಸರಿ ಉಂಟು". ಜಗಳ ಇನ್ನೂ ನಡೆಯುತ್ತಿದೆ. ಅವರಿಬ್ಬರನ್ನೂ ಕೂರಿಸಿ ಮಾತಾಡಿಸಬೇಕು. ಭಜನೆಯ ಮೈಕ್ ಸೆಟ್‌ನವರು ಎರಡು ಮೈಕ್ ಕೊಡಲು ಒಪ್ಪಿದ್ದಾರೆ. ಅಣ್ಣ, ನಿಮ್ಮ ಇಂಟರ್‌ಫೇಸಿಗೆ ಎರಡೂ ಒಟ್ಟಿಗೆ ಹಿಡಿಯುತ್ತವಾ?