ಮಗನ ಫಾರ್ಮ್ ತುಂಬುವಾಗ ಇವರು "ಇದೆಲ್ಲ ನಾನೇ" ಅಂದರು. ದೊಡ್ಡವರಿಗೂ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಪರೀಕ್ಷೆ ಮಾಡುತ್ತಾರಾ?

ಶನಿವಾರಸಂತೆ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಶನಿವಾರಸಂತೆ ಕಡೆಯವರು. ಸ್ವಲ್ಪ ಕಾಫಿ, ಮೆಣಸು ಇದೆ. ಮಗ 5ನೇ ಕ್ಲಾಸು. ಡೈರಿಯಲ್ಲಿ ಯಾವಾಗಲೂ ಒಂದೇ ದೂರು: ಕೂತಲ್ಲಿ ಕೂರುವುದಿಲ್ಲ, ಬರೆಯುವುದನ್ನು ಮುಗಿಸುವುದಿಲ್ಲ. ಲೆಕ್ಕ ಬಾಯಲ್ಲಿ ಪಟ್ ಅಂತ ಹೇಳುತ್ತಾನೆ, ಹಾಳೆ ಮೇಲೆ ಅರ್ಧಕ್ಕೇ ನಿಲ್ಲುತ್ತದೆ. ಮಳೆಗಾಲದಲ್ಲಿ ಕೊಡೆ ಬಸ್ಸಿನಲ್ಲೇ ಬಿಟ್ಟು ನೆನೆದುಕೊಂಡು ಬರುತ್ತಾನೆ.

ಮೈಸೂರಿನಲ್ಲಿ ಮಕ್ಕಳ ಮನೋವೈದ್ಯರಿಗೆ ತೋರಿಸಿದೆವು. ಮೊದಲು ಕಿವಿ, ಕಣ್ಣು ನೋಡಿಸಿದರು. ಆಮೇಲೆ ನಮಗೊಂದು, ಟೀಚರ್‌ಗೊಂದು ಫಾರ್ಮ್. ಡಾಕ್ಟರ ಮುಂದೆ ಮಾತ್ರ ಇವನು ಕೈಕಟ್ಟಿ ಸುಮ್ನೆ ಕೂತಿದ್ದ. ಸುಳ್ಳು ದೂರು ತಂದಿದ್ದೇನೆ ಅಂದುಕೊಂಡಾರು ಅಂತ ನನಗೇ ನಾಚಿಕೆ ಆಯಿತು.

ರಾತ್ರಿ ಊಟಕ್ಕೆ ಕೂತಾಗ ಫಾರ್ಮ್ ಗಟ್ಟಿಯಾಗಿ ಓದಿದೆ. ಇವರು ತುತ್ತು ಕೈಯಲ್ಲೇ ಹಿಡಿದು "ಇದೆಲ್ಲ ನಾನೇ ಅಲ್ವಾ" ಅಂದರು. ಮಾವ ನಕ್ಕು, "ಅವನೂ ಹಾಗೇ ಇದ್ದ, ಮದುವೆ ಆದ್ಮೇಲೆ ಸರಿಹೋದ" ಅಂದರು. ಹೇಗೆ ಸರಿಹೋಯಿತು ಅಂತ ನನ್ನನ್ನು ಕೇಳಿ. ಬ್ಯಾಂಕಿನ ಕಂತು, ಕರೆಂಟ್ ಬಿಲ್ಲು, ಜೀಪಿನ ಇನ್ಶೂರೆನ್ಸ್, ಎಲ್ಲ ನನ್ನ ಫೋನಿನ ಅಲಾರಂ ಮೇಲೆ ನಡೆಯುತ್ತಿದೆ.

ದೊಡ್ಡವರಿಗೂ ಪರೀಕ್ಷೆ ಮಾಡುತ್ತಾರಾ, ಕೊಡಗಿನಲ್ಲೇ ಆಗುತ್ತದಾ? ಮಗನಿಗೆ ಇದಕ್ಕೇ ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ ಬರೆದಿದ್ದಾರೆ, ಅದು ಚಟ ಆಗುತ್ತದಾ? ಇನ್ನೊಂದು, ಮಾವ ಈಚೆಗೆ ಹೆಸರುಗಳನ್ನು ಮರೆಯುತ್ತಿದ್ದಾರೆ. ಅದೂ ಇದೇನಾ?

ಹಳೇ ಸೆಂಟರ್ ಫಾರ್ವರ್ಡ್:

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ತಂಗಿ. ಮೊಬೈಲ್ ಕಿತ್ತುಕೊಂಡು ಕೈಗೊಂದು ಹಾಕಿ ಸ್ಟಿಕ್ ಕೊಡಿ, ಮೈದಾನಕ್ಕೆ ಬಿಡಿ. ಮಾತ್ರೆ ಗೀತ್ರೆ ಬೇಡ.

ಪಾಲಿಬೆಟ್ಟ ರೋಬಸ್ಟಾ:

ಅಣ್ಣ, ಹಾಕಿ ಸ್ಟಿಕ್ ನನ್ನ ಹತ್ತಿರವೂ ಇತ್ತು. ಆಟ ಒಳ್ಳೆಯದೇ, ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಆಟ ಮುಗಿಸಿ ಬಂದು ಲೆಕ್ಕದ ಪುಸ್ತಕ ತೆಗೆದರೆ ಅದೇ ಕಥೆ. 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಆಗ ಮೊಬೈಲ್ ಎಲ್ಲಿತ್ತು?

ಅಕ್ಕ, ನನಗೆ ಎಡಿಎಚ್‌ಡಿ ಇದೆ ಅಂತ ಗೊತ್ತಾಗಿದ್ದು 43ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ನನ್ನ ಹೆಸರು "ಸೋಮಾರಿ". ಕಾಫಿ ಕಣದಲ್ಲಿ ಹರಡಿದೆ, ಮೋಡ ಕಟ್ಟಿದೆ. ಟಾರ್ಪಾಲು ತರಲು ಗೋದಾಮಿಗೆ ಓಡುತ್ತೇನೆ. ಅಲ್ಲಿ ಪಂಪ್‌ಸೆಟ್ಟಿನ ಹಳೇ ವಾಲ್ವ್ ಕಣ್ಣಿಗೆ ಬೀಳುತ್ತದೆ. ಸ್ಪ್ಯಾನರ್ ತೆಗೆದು ಬಿಚ್ಚುತ್ತಾ ಕೂತರೆ ಮುಗಿಯಿತು, ತೋಟ ನೋಡಿಕೊಳ್ಳುವ ರೈಟರ್ ನೆನೆದುಕೊಂಡು ಬಂದು ಬಾಗಿಲು ಬಡಿದಾಗಲೇ ಎಚ್ಚರ. ವಾಲ್ವ್ ಏನೋ ರಿಪೇರಿ ಆಗಿರುತ್ತದೆ! ಗಮನ ಇಲ್ಲವೇ ಇಲ್ಲ ಅಂತಲ್ಲ. ಜುಲೈ ತಿಂಗಳ ನಮ್ಮೂರ ಸಿಗ್ನಲ್ ಥರ, ಬರುತ್ತದೆ, ಬೇಕಾದ ಹೊತ್ತಿಗೆ ಇರುವುದಿಲ್ಲ.

ದೊಡ್ಡವರಿಗೆ ಖಂಡಿತ ಪರೀಕ್ಷೆ ಮಾಡುತ್ತಾರೆ. ನನ್ನನ್ನು ಡಾಕ್ಟರ್ ಮೊದಲು ಕೇಳಿದ್ದು ಪ್ರೈಮರಿ ಶಾಲೆಯ ಮಾರ್ಕ್ಸ್ ಕಾರ್ಡ್. ಆಮೇಲೆ ಅವ್ವನಿಗೆ ಫೋನ್ ಹಚ್ಚಿಸಿ ಮಾತಾಡಿದರು. ಯಾಕೆಂದರೆ ಇದು ದೊಡ್ಡವರಾದ ಮೇಲೆ ಹೊಸದಾಗಿ ಬರುವಂಥದ್ದಲ್ಲ, 12 ವರ್ಷದೊಳಗೇ ಲಕ್ಷಣ ಕಂಡಿರಬೇಕು. ಮೊದಲು 7 ವರ್ಷ ಅಂತಿತ್ತು, ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಡಿಎಸ್‌ಎಂ ಪುಸ್ತಕದ 2013ರ ಐದನೇ ಆವೃತ್ತಿಯಲ್ಲಿ 12 ಮಾಡಿದರು. ಗಮನದ್ದು 9 ಲಕ್ಷಣ, ಚಡಪಡಿಕೆಯದ್ದು 9. ಯಾವುದಾದರೂ ಒಂದು ಪಟ್ಟಿಯಲ್ಲಿ ಮಕ್ಕಳಿಗೆ 6 ಇರಬೇಕು, 17 ತುಂಬಿದವರಿಗೆ 5 ಸಾಕು. ವಯಸ್ಸಾದಂತೆ ಓಡಾಟ ಕಮ್ಮಿಯಾಗಿ ಒಳಗಿನ ಚಡಪಡಿಕೆ ಉಳಿಯುತ್ತದೆ. ನಿಮ್ಮ ಮಾವ "ಸರಿಹೋದ" ಅಂದಿದ್ದು ಬಹುಶಃ ಇದನ್ನೇ.

ಎರಡು ಕಡೆಯಾದರೂ, ಅಂದರೆ ಮನೆಯಲ್ಲೂ ಶಾಲೆಯಲ್ಲೂ, ತೊಂದರೆ ಕಾಣಬೇಕು. ಅದಕ್ಕೇ ಟೀಚರ್‌ಗೆ ಬೇರೆ ಫಾರ್ಮ್. ಡಾಕ್ಟರ ಮುಂದೆ ಸುಮ್ನೆ ಕೂತಿದ್ದಕ್ಕೆ ನೀವು ನಾಚಿಕೊಳ್ಳಬೇಡಿ. ಹೊಸ ಜಾಗ, ಎದುರಿಗೆ ಒಬ್ಬರೇ, ಅವರ ಗಮನವೆಲ್ಲ ತನ್ನ ಮೇಲೆ. ಎಷ್ಟೋ ಮಕ್ಕಳು ಹಾಗೇ ಕೂರುತ್ತಾರೆ, ಡಾಕ್ಟರಿಗೂ ಅದು ಗೊತ್ತು.

ರಕ್ತ ಪರೀಕ್ಷೆಯಲ್ಲಿ, ಸ್ಕ್ಯಾನ್‌ನಲ್ಲಿ ಇದು ಸಿಗುವುದಿಲ್ಲ. ಆದರೂ ನನಗೆ ಥೈರಾಯ್ಡ್ ನೋಡಿದರು. ಬೇರೆ ಕಾಯಿಲೆ ಈ ವೇಷದಲ್ಲಿ ಬಂದಿದೆಯಾ ಅಂತ ತಿಳಿಯಲು. ನಿದ್ದೆ, ಗೊರಕೆ, ಬೇಸರ, ಕುಡಿತ, ಎಲ್ಲ ಕೇಳಿದರು. (ಕೊಡಗಿನವರಿಗೆ ಆ ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ಸ್ವಲ್ಪ ಟೈಮ್ ಬೇಕು.) ನೆಟ್‌ನಲ್ಲಿ ಎಎಸ್‌ಆರ್‌ಎಸ್ ಅಂತ 6 ಪ್ರಶ್ನೆಗಳ ಪಟ್ಟಿ ಸಿಗುತ್ತದೆ. ಡಾಕ್ಟರ ಹತ್ತಿರ ಹೋಗಬೇಕಾ ಬೇಡವಾ ಅಂತ ನೋಡಲು ಅಷ್ಟೇ ಅದು. ಅದನ್ನೇ ತೀರ್ಪು ಮಾಡಿಕೊಳ್ಳಬೇಡಿ.

ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಶುರು ಮಾಡಿ. ಬೇಕಾದರೆ ಅವರೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಎಲ್ಲಿಗೆ ಹೋಗಬೇಕು ಅಂತ ಗೊಂದಲ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗನಿಗೆ ಬರೆಯುವುದೇ ಕಷ್ಟ ಅಂತ ಅನ್ನಿಸಿದರೆ ಕಲಿಕೆಯ ತೊಂದರೆಯನ್ನೂ ನೋಡಿಸಿ, ಎರಡೂ ಜೊತೆಗೆ ಇರುವುದು ಅಪರೂಪವಲ್ಲ. ಅದಕ್ಕೆ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಇದೆ.

ಮಾತ್ರೆ ವಿಷಯ. ಮೀಥೈಲ್‌ಫೆನಿಡೇಟ್ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಅದಕ್ಕೇ ಜನ ಹೆದರುತ್ತಾರೆ. ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಮೆಡಿಕಲ್‌ನಲ್ಲೂ ಇಟ್ಟಿರುವುದಿಲ್ಲ. ಅಂಗಡಿಯವರಿಗೆ ಮೊದಲೇ ಹೇಳಿಡಿ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ, ಅವರ ನಿಗಾದಲ್ಲಿ ತಗೊಂಡರೆ ಚಟ ಆಗುವುದು ತೀರಾ ಕಮ್ಮಿ. ಸಾದಾ ಮಾತ್ರೆ 3-4 ಗಂಟೆ ಕೆಲಸ ಮಾಡುತ್ತದೆ, ನಿಧಾನಕ್ಕೆ ಬಿಡುವಂಥದ್ದು ಜಾಸ್ತಿ ಹೊತ್ತು. ಹಸಿವು ಸಾಯುತ್ತದೆ. ನಾನು ಮೊದಲು ಅಕ್ಕಿರೊಟ್ಟಿ ಹೊಟ್ಟೆ ತುಂಬ ತಿಂದು ಆಮೇಲೆ ಮಾತ್ರೆ ನುಂಗುತ್ತೇನೆ, ಇಲ್ಲದಿದ್ದರೆ ಮಧ್ಯಾಹ್ನದ ಊಟ ನೆನಪೇ ಆಗುವುದಿಲ್ಲ. ತಡವಾಗಿ ತಗೊಂಡರೆ ರಾತ್ರಿ ನಿದ್ದೆ ಕೆಡುತ್ತದೆ. ಹೃದಯದ ತೊಂದರೆ ಮನೆತನದಲ್ಲಿದ್ದರೆ ಮೊದಲೇ ಹೇಳಬೇಕು.

ನಿಮ್ಮವರು ಮಗನ ಸಲುವಾಗಿಯಾದರೂ ತೋರಿಸಿಕೊಳ್ಳಲಿ. ಇದು ಮನೆತನದಲ್ಲಿ ಹರಿದು ಬರುವುದು ಜಾಸ್ತಿ. ಮಗನಿಗೆ ಮಾತ್ರೆ ಒಂದೇ ಸಾಲದು, ದಿನಚರಿ ಬೇಕು, ಹೇಳಿದ್ದನ್ನು ಮಾಡಿದ ಕೂಡಲೇ ಶಭಾಸ್ ಅನ್ನುವವರು ಬೇಕು. ಆ ದಿನಚರಿ ಅಪ್ಪನಿಗೇ ಮರೆತುಹೋದರೆ ಎಲ್ಲ ನಿಮ್ಮ ತಲೆಗೇ ಬರುತ್ತದೆ. ಮಾತ್ರೆ ಬ್ಯಾಂಕಿನ ಕಂತು ಕಟ್ಟುವುದಿಲ್ಲ. ನಾನು ಕಂತನ್ನು ಆಟೋ ಡೆಬಿಟ್‌ಗೆ ಹಾಕಿದೆ, ಕಣದ ಜವಾಬ್ದಾರಿ ರೈಟರ್‌ಗೆ ಕೊಟ್ಟೆ, ವಾಲ್ವ್ ಕೆಲಸ ನಾನಿಟ್ಟುಕೊಂಡೆ.

ಮಾವನ ವಿಷಯ ಬೇರೆ. ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ಮರೆವನ್ನು ಎಡಿಎಚ್‌ಡಿ ಅಂತ ಬಿಡಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಮರೆವಿನ ಕಾಯಿಲೆ, ಯಾವುದೂ ಇರಬಹುದು. ಬೇಗ ತೋರಿಸಿ.

ಕಿಟಕಿ ಪಕ್ಕದ ಸೀಟು:

ನಾನು ಗೋಣಿಕೊಪ್ಪದವಳು. ಹುಡುಗಿಯರ ಬಗ್ಗೆ ಒಂದು ಮಾತು. ನಾನು ತಂಟೆ ಮಾಡಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ಡೈರಿಯಲ್ಲಿ "ಪಾಪದ ಹುಡುಗಿ, ಸ್ವಲ್ಪ ಮೈಮರೆವು" ಅಂತ ಬರೆಯುತ್ತಿದ್ದರು. ಡಿಗ್ರಿಯಲ್ಲಿ ಆತಂಕ ಅಂತ ಚಿಕಿತ್ಸೆ ಪಡೆದೆ, ಅರ್ಧಂಬರ್ಧ ಗುಣ. ಹಿಂದಿನ ಕಥೆ ಕೆದಕಿದ ಮೇಲೇ ಎಡಿಎಚ್‌ಡಿ ಅಂತ ಗೊತ್ತಾಗಿದ್ದು. ಈಗ ಇದಕ್ಕೇ ಇರುವ ಅಟೊಮಾಕ್ಸೆಟಿನ್ ಅನ್ನುವ ಇನ್ನೊಂದು ಔಷಧಿ ತಗೊಳ್ಳುತ್ತಿದ್ದೇನೆ. ಅದು ಮೊದಲ ದಿನವೇ ಏನೂ ಮಾಡುವುದಿಲ್ಲ, ಪೂರ್ತಿ ಹಿಡಿಯಲು ವಾರಗಟ್ಟಲೆ ಬೇಕು. ಮಧ್ಯೆ ಮನಸ್ಸು ತುಂಬಾ ಕುಗ್ಗಿದರೆ ಡಾಕ್ಟರಿಗೆ ಹೇಳಲೇಬೇಕು. ನಿಮಗೆ ಮಗಳೂ ಇದ್ದರೆ ಅವಳ ಕಡೆಗೂ ಒಮ್ಮೆ ನೋಡಿ ಅಕ್ಕ.

ಶನಿವಾರಸಂತೆ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಮಾವನನ್ನೂ ಕರೆದುಕೊಂಡು ಹೋಗುತ್ತೇವೆ. ಭಾನುವಾರ, ರಜೆಯಲ್ಲಿ ಮಗನಿಗೆ ಮಾತ್ರೆ ನಿಲ್ಲಿಸಬಹುದಾ? ಅಜ್ಜಿ ಒಂದೇ ಸಮ "ಮಗು ಸೊರಗಿದ" ಅನ್ನುತ್ತಿದ್ದಾರೆ.

ಪಾಲಿಬೆಟ್ಟ ರೋಬಸ್ಟಾ:

ಮೀಥೈಲ್‌ಫೆನಿಡೇಟ್ ಆದರೆ ಕೆಲವು ಮಕ್ಕಳಿಗೆ ರಜೆಯಲ್ಲಿ ಡಾಕ್ಟರೇ ಬಿಡಿಸುತ್ತಾರೆ, ಎಲ್ಲರಿಗೂ ಅಲ್ಲ. ನೀವಾಗಿ ನಿಲ್ಲಿಸಬೇಡಿ, ಕೇಳಿ. ತೂಕ, ಎತ್ತರ ಒಂದು ಪುಸ್ತಕದಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಮಾತ್ರೆಯ ಪ್ರಭಾವ ಇಳಿದ ಮೇಲೆ ರಾತ್ರಿ ಹಸಿವು ಬರುತ್ತದೆ, ಆಗ ಅಜ್ಜಿ ಬಡಿಸಲಿ. ಮತ್ತೆ ಮಡಿಕೇರಿಗೆ ಹೋಗುವ ದಿನ ನಿಮ್ಮವರ ಹಳೇ ಮಾರ್ಕ್ಸ್ ಕಾರ್ಡ್ ನಿಮ್ಮ ಬ್ಯಾಗಿನಲ್ಲೇ ಇರಲಿ, ಅವರ ಕೈಗೆ ಕೊಡಬೇಡಿ.