ಮಂಗಳೂರಿನಿಂದ ಟ್ರಿಯೆಸ್ಟ್‌ಗೆ ಕಾಫಿ ಕಂಟೇನರ್: ತಲುಪುವ ದಿನಕ್ಕೆ ಯಾವ ಮಾಹಿತಿಯನ್ನು ನಂಬಬೇಕು?

ಪ್ರಶ್ನೆ: ಕಾಫಿ ರಫ್ತುದಾರ, ಹಾಸನ

ಎಲ್ಲರಿಗೂ ನಮಸ್ಕಾರ. ನಾವು ರೋಬಸ್ಟಾ ಚೆರಿ ಕಾಫಿಯನ್ನು ಪಣಂಬೂರಿನ ನವಮಂಗಳೂರು ಬಂದರಿನ ಮೂಲಕ ಇಟಲಿಯ ಟ್ರಿಯೆಸ್ಟ್‌ಗೆ ಕಳುಹಿಸುತ್ತೇವೆ. 20 ಅಡಿಯ ಕಂಟೇನರಿನಲ್ಲಿ 60 ಕೆ.ಜಿ.ಯ 320 ಚೀಲ. ಕೊಲಂಬೊವರೆಗೆ ಫೀಡರ್ ಎಂಬ ಸಣ್ಣ ಹಡಗು, ಅಲ್ಲಿಂದ ಮುಂದಕ್ಕೆ ದೊಡ್ಡ ಹಡಗು. ಕರಾರು ಸಿಐಎಫ್ (ಸರಕಿನ ಬೆಲೆಯಲ್ಲೇ ವಿಮೆ, ಹಡಗಿನ ಬಾಡಿಗೆ ಸೇರಿದ್ದು) ಆಗಿರುವುದರಿಂದ ಹಡಗಿನ ಬುಕಿಂಗ್ ನಮ್ಮ ಹೊಣೆ, ಆದ್ದರಿಂದ ಕಾಫಿ ಯಾವ ವಾರ ಕೈಸೇರುತ್ತದೆ ಎಂದು ಕೊಳ್ಳುವವರು ಬಹಳ ಮುಂಚೆಯೇ ನಮ್ಮನ್ನು ಕೇಳುತ್ತಾರೆ. ಶಿಪ್ಪಿಂಗ್ ಲೈನಿನ ವೆಬ್‌ಸೈಟಿನಲ್ಲಿ ಒಂದು ದಿನಾಂಕ, ಫಾರ್ವರ್ಡರ್ (ಸರಕು ಸಾಗಣೆ ಏಜೆಂಟ್) ಹೇಳುವುದು ಇನ್ನೊಂದು, ಹಡಗಿನ ಜಾಡು ತೋರಿಸುವ ಆ್ಯಪ್‌ನಲ್ಲಿ ಮತ್ತೊಂದು. ಬಾಡಿಗೆಯ ಅಂದಾಜಿಗೆ ಡ್ರೂರಿ ಸಂಸ್ಥೆಯ ಕಂಟೇನರ್ ಬಾಡಿಗೆ ಸೂಚ್ಯಂಕವನ್ನು ನೋಡುತ್ತಿದ್ದೇವೆ. ಇವುಗಳಲ್ಲಿ ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳುವುದು ಸರಿ?

ಉತ್ತರ 1: ಶಿಪ್ಪಿಂಗ್ ಏಜೆನ್ಸಿಯಲ್ಲಿದ್ದವರು, ಮಂಗಳೂರು

ಒಂದೊಂದು ಅಂಕಿಯೂ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ನೋಡಿ. ಡ್ರೂರಿಯ ಜಾಗತಿಕ ಕಂಟೇನರ್ ಸೂಚ್ಯಂಕವು ಶಾಂಘೈ, ರಾಟರ್‌ಡ್ಯಾಮ್, ಜಿನೋವಾ, ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳ ನಡುವಿನ ಎಂಟು ಮಾರ್ಗಗಳಲ್ಲಿ 40 ಅಡಿಯ ಕಂಟೇನರಿಗೆ ಇರುವ ದರ. ಅದರಲ್ಲಿ ಭಾರತದ ಯಾವ ಬಂದರೂ ಇಲ್ಲ, ನಿಮ್ಮ ಕಂಟೇನರ್ 20 ಅಡಿಯದು. ಮಾರುಕಟ್ಟೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಅದು ಸಾಕು. ಮಂಗಳೂರಿನ ಬಾಡಿಗೆಗೆ ಮೂರು ಲೈನುಗಳಿಂದ ಒಂದೇ ದಿನ ಕೊಟೇಶನ್ ತರಿಸಿಕೊಳ್ಳುವುದೇ ದಾರಿ.

ಆ್ಯಪ್‌ನ ಮಾಹಿತಿ ಬರುವುದು ಹಡಗು ತನ್ನ ಗುರುತು, ಸ್ಥಾನಗಳನ್ನು ರೇಡಿಯೋ ಮೂಲಕ ಬಿತ್ತರಿಸುವ ಎಐಎಸ್ ಸಂಕೇತದಿಂದ. ಹಡಗು ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದು ಜಿಪಿಎಸ್‌ನಿಂದ ತಾನಾಗಿಯೇ ಬರುತ್ತದೆ, ಆದ್ದರಿಂದ ಅದನ್ನು ಬಹುಮಟ್ಟಿಗೆ ನಂಬಬಹುದು. ಆದರೆ ಮುಂದಿನ ಬಂದರು ಮತ್ತು ತಲುಪುವ ಸಮಯವನ್ನು ಹಡಗಿನ ಸಿಬ್ಬಂದಿ ಕೈಯಾರೆ ತುಂಬುತ್ತಾರೆ. ಹಳೆಯದು ಬದಲಾಗದೆ ಉಳಿದಿರುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಆ್ಯಪ್ ತೋರಿಸುವುದು ಹಡಗನ್ನು, ನಿಮ್ಮ ಪೆಟ್ಟಿಗೆಯನ್ನಲ್ಲ. ಫೀಡರ್ ತಡವಾಗಿ ಕೊಲಂಬೊದಲ್ಲಿ ಸಂಪರ್ಕ ತಪ್ಪಿದರೆ, ನೀವು ನೋಡುತ್ತಿರುವ ಹಡಗು ಸರಿಯಾದ ದಿನಕ್ಕೇ ಟ್ರಿಯೆಸ್ಟ್ ಮುಟ್ಟುತ್ತದೆ, ಕಾಫಿ ಮಾತ್ರ ಕೊಲಂಬೊ ಯಾರ್ಡ್‌ನಲ್ಲೇ ಇರುತ್ತದೆ.

ಉತ್ತರ 2: ಸರಬರಾಜು ಯೋಜನೆ ವಿಭಾಗ, ಬೆಂಗಳೂರು

ಮೇಲಿನ ಮಾತನ್ನು ಒಪ್ಪುತ್ತೇನೆ. ಲೈನುಗಳ ಸಮಯಪಾಲನೆಯ ಜಾಗತಿಕ ಅಂಕಿಗೂ ಇದೇ ಮಿತಿಯಿದೆ. ಸೀ-ಇಂಟೆಲಿಜೆನ್ಸ್ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಶೇ 75ಕ್ಕಿಂತ ಹೆಚ್ಚಿದ್ದ, ಸಮಯಕ್ಕೆ ತಲುಪಿದ ಹಡಗುಗಳ ಪ್ರಮಾಣವು 2022ರ ಆರಂಭಕ್ಕೆ ಶೇ 30ರ ಆಸುಪಾಸಿಗೆ ಕುಸಿದಿತ್ತು. ಅದೂ ಹಡಗುಗಳ ಲೆಕ್ಕವೇ.

ನಿಮಗೆ ನಿಜವಾಗಿ ಬೇಕಾದ ಮಾಹಿತಿ ನಿಮ್ಮ ಕಡತಗಳಲ್ಲೇ ಇದೆ. ಹಿಂದಿನ ಪ್ರತಿಯೊಂದು ಕಂಟೇನರಿಗೂ ಪಣಂಬೂರಿನಲ್ಲಿ ಗೇಟ್ ಒಳಹೊಕ್ಕ ದಿನ, ಫೀಡರ್ ಏರಿದ ದಿನ, ಕೊಲಂಬೊದಲ್ಲಿ ಇಳಿದ ದಿನ, ಅಲ್ಲಿಂದ ಹೊರಟ ದಿನ, ಟ್ರಿಯೆಸ್ಟ್‌ನಲ್ಲಿ ಇಳಿದ ದಿನ, ಇಷ್ಟನ್ನು ಸಾಲಾಗಿ ಬರೆಯಿರಿ. ಒಟ್ಟು ದಿನಗಳನ್ನಷ್ಟೇ ನೋಡಿದರೆ ತಡವಾದದ್ದು ಸಮುದ್ರದಲ್ಲೋ ಕೊಲಂಬೊದಲ್ಲೋ ಎಂಬುದು ಕಾಣುವುದಿಲ್ಲ. ಸರಾಸರಿಯನ್ನು ಕೊಳ್ಳುವವರಿಗೆ ಹೇಳಬೇಡಿ. ಹತ್ತರಲ್ಲಿ ಎಂಟು ಕಂಟೇನರುಗಳು ಎಷ್ಟು ದಿನದೊಳಗೆ ತಲುಪಿವೆಯೋ ಅದನ್ನು ಹೇಳಿ.

ಒಂದು ಎಚ್ಚರಿಕೆ. ಕೆಂಪು ಸಮುದ್ರದ ದಾಳಿಗಳಿಂದಾಗಿ 2023ರ ಡಿಸೆಂಬರ್‌ನಲ್ಲಿ ದೊಡ್ಡ ಲೈನುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ದಕ್ಷಿಣದ ಗುಡ್‌ಹೋಪ್ ಭೂಶಿರವನ್ನು ಸುತ್ತತೊಡಗಿದವು. ಟ್ರಿಯೆಸ್ಟ್‌ಗೆ ಹೋಗುವ ಸರಕಿಗೆ ಇದರ ಪೆಟ್ಟು ಇನ್ನೂ ಹೆಚ್ಚು, ಏಕೆಂದರೆ ಆಫ್ರಿಕಾವನ್ನು ಸುತ್ತಿ, ಜಿಬ್ರಾಲ್ಟರ್ ಮೂಲಕ ಒಳಬಂದು, ಮತ್ತೆ ಪೂರ್ವಕ್ಕೆ, ಟ್ರಿಯೆಸ್ಟ್ ಇರುವ ಏಡ್ರಿಯಾಟಿಕ್ ಸಮುದ್ರದವರೆಗೆ ಸಾಗಬೇಕು. ಕೊಲಂಬೊದಿಂದ ದೂರವೇ ಇಮ್ಮಡಿ ಮೀರುತ್ತದೆ. ಹಾಗಾಗಿ ಸೂಯೆಜ್ ದಾರಿಯ ದಾಖಲೆಗಳನ್ನೂ ಭೂಶಿರದ ದಾರಿಯ ದಾಖಲೆಗಳನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ. ದಾರಿ ಬದಲಾಗುತ್ತಿದೆಯೇ ಎಂದು ತಿಳಿಯಲು ಐಎಂಎಫ್‌ನ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಪೋರ್ಟ್‌ವಾಚ್ ಜಾಲತಾಣ ಇದೆ. ಕೆಂಪು ಸಮುದ್ರದ ದಕ್ಷಿಣ ಬಾಗಿಲಾದ ಬಾಬ್ ಎಲ್-ಮಂದೆಬ್, ಸೂಯೆಜ್, ಗುಡ್‌ಹೋಪ್‌ಗಳಲ್ಲಿ ದಿನಕ್ಕೆ ಎಷ್ಟು ಹಡಗು ದಾಟಿದವು ಎಂಬುದನ್ನು ಅದು ಉಚಿತವಾಗಿ ಪ್ರಕಟಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಮ್ಮ ಕಂಟೇನರುಗಳ ಸಂಖ್ಯೆ ಕಡಿಮೆ. ಅಷ್ಟರಿಂದ ತೀರ್ಮಾನಕ್ಕೆ ಬರಬಹುದೇ? ಹಳೆಯ ದಿನಾಂಕಗಳು ಲೈನಿನ ವೆಬ್‌ಸೈಟಿನಲ್ಲಿ ಸಿಗುತ್ತವೆಯೇ?

ಉತ್ತರ 3: ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣಾ ಘಟಕ) ಲೆಕ್ಕಪತ್ರ, ಕುಶಾಲನಗರ

ನಡೆದ ದಿನಾಂಕಗಳನ್ನು ಫಾರ್ವರ್ಡರ್ ಬಳಿ ಕೇಳಿ, ಅವರ ಕಡತದಲ್ಲಿರುತ್ತವೆ. ಆದರೆ ಬುಕಿಂಗ್ ವೇಳೆ ಹೇಳಿದ ಮೊದಲ ದಿನಾಂಕ ಆಮೇಲೆ ಸಿಗುವುದು ಕಷ್ಟ, ಏಕೆಂದರೆ ಹಡಗು ತಡವಾದಂತೆಲ್ಲ ವೆಬ್‌ಸೈಟಿನಲ್ಲಿ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ, ಕೊನೆಗೆ ಎಲ್ಲವೂ ಸಮಯಕ್ಕೆ ತಲುಪಿದಂತೆ ಕಾಣುತ್ತದೆ. ಆದ್ದರಿಂದ ಬುಕಿಂಗ್ ದೃಢವಾದ ದಿನವೇ ಆ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ, ಆಮೇಲೆ ವಾರಕ್ಕೊಮ್ಮೆ ಹಾಗೆಯೇ ಮಾಡಿ. ಸಂಖ್ಯೆ ಕಡಿಮೆ ಎಂಬುದು ನಿಜವಾದ ತೊಂದರೆಯೇ. ಒಂದೇ ಕ್ಯೂರಿಂಗ್ ವರ್ಕ್ಸ್‌ನಿಂದ ಅದೇ ಮಾರ್ಗದಲ್ಲಿ ಕಳುಹಿಸುವ ಬೇರೆ ರಫ್ತುದಾರರೊಡನೆ ದಿನಾಂಕಗಳನ್ನಷ್ಟೇ ಹಂಚಿಕೊಳ್ಳಿ. ಬೆಲೆಯನ್ನಾಗಲಿ ಕೊಳ್ಳುವವರ ಹೆಸರನ್ನಾಗಲಿ ಕೊಡುವ ಅಗತ್ಯವಿಲ್ಲದ ಕಾರಣ ಯಾರೂ ಹಿಂಜರಿಯಲಾರರು.