'ಗೆಟ್' ಅರ್ಥವಾಗುತ್ತಿಲ್ಲ, ಸಹಾಯ ಬೇಕು

ನಮಸ್ಕಾರ. ಇಂಗ್ಲಿಷ್‌ನ 'ಗೆಟ್' ನನ್ನನ್ನು ಸುಸ್ತು ಮಾಡಿಬಿಟ್ಟಿದೆ. ಪತ್ರ ಬಂದರೂ ಗೆಟ್, ಮನೆ ತಲುಪಿದರೂ ಗೆಟ್, ಜೋಕ್ ಅರ್ಥವಾದರೂ ಗೆಟ್! ಇಷ್ಟನ್ನು ಹೇಗೋ ಬಾಯಿಪಾಠ ಮಾಡಿದೆ. ನಿಘಂಟು ನೋಡಿದೆ, ತಲೆ ಇನ್ನೂ ಜಾಸ್ತಿ ಕೆಟ್ಟಿತು.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. 'ಐ ಗಾಟ್ ಮೈ ಬೈಕ್ ರಿಪೇರ್ಡ್' ಅಂದರೆ ಬೈಕ್ ರಿಪೇರಿ ಮಾಡಿಸಿದೆ. ನಮ್ಮ 'ಇಸು' ಪ್ರತ್ಯಯದ ಹಾಗೆ, ಅಲ್ವಾ? ಸರಿ. ಆದರೆ 'ಐ ಗಾಟ್ ಮೈ ಬೈಕ್ ಸ್ಟೋಲನ್' ಅಂದರೆ? ನನ್ನ ಬೈಕನ್ನು ನಾನೇ ಕದಿಸಿದೆ ಅಂತಲಾ? ಅಲ್ಲ, ಕಳುವಾಯಿತು ಅಂತ ಅರ್ಥವಂತೆ. ಎರಡೂ ವಾಕ್ಯಗಳ ರಚನೆ ಮಾತ್ರ ಒಂದೇ.

ನಾನು ಮಾಡಿಸಿದ್ದು ಯಾವುದು, ನನಗೆ ಆಗಿಹೋಗಿದ್ದು ಯಾವುದು ಅಂತ ಗುರುತಿಸಲು ವ್ಯಾಕರಣದ ನಿಯಮ ಏನಾದರೂ ಇದೆಯಾ, ಅಥವಾ ಸಂದರ್ಭ ನೋಡಿಯೇ ತಿಳಿಯಬೇಕಾ?